ಫ್ಲೈಟ್ 666: ಐರನ್ ಮೇಡನ್ ಚಿತ್ರದ ಧ್ವನಿಮುದ್ರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಆಲ್ಬಮ್ ಬಗ್ಗೆ ನನ್ನನ್ನು ಕೇಳುವವರಲ್ಲಿ ಎರಡು ಬಗೆ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ಈಗಷ್ಟೇ ಕಿವಿಗೊಡುತ್ತಿರುವ ಕಾಲೇಜು ಹುಡುಗ ಹುಡುಗಿಯರು ಒಂದು ಕಡೆ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಶೋ ನೋಡಿ, ಧೂಳು ಕುಡಿದು ಮನೆಗೆ ಬಂದ ನನ್ನ ಓರಗೆಯವರು ಇನ್ನೊಂದು ಕಡೆ. ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಇಬ್ಬರೂ ಕೇಳುತ್ತ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

ಮೊದಲ ಸಲ ಕೇಳುವವರಿಗೆ

ಅಣ್ಣಾ, ಫ್ಲೈಟ್ 666 ಅಂದ್ರೆ ಸಿನಿಮಾನಾ, ಆಲ್ಬಮ್ಮಾ? ಎರಡಕ್ಕೂ ಒಂದೇ ಹೆಸರು, ತಲೆ ಕೆಡ್ತಿದೆ.

ಎರಡೂ ಹೌದು. 2008ರ ಫೆಬ್ರವರಿ 1ರಂದು ಮುಂಬೈಯಲ್ಲಿ ಹೊರಟ ಐರನ್ ಮೇಡನ್ ತಂಡ ಮಾರ್ಚ್ 16ರಂದು ಟೊರಾಂಟೊ ಮುಟ್ಟಿತು. 45 ದಿನ, 23 ಶೋ, ಸುಮಾರು 80 ಸಾವಿರ ಕಿಲೋಮೀಟರ್ ಹಾರಾಟ. ಆ ಪ್ರಯಾಣದ ಉದ್ದಕ್ಕೂ ಕೆನಡಾದ ಇಬ್ಬರು ನಿರ್ದೇಶಕರು, ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್, ಕ್ಯಾಮೆರಾ ಹಿಡಿದು ಜೊತೆಗಿದ್ದರು. ಅವರು ಮಾಡಿದ್ದು ಸಾಕ್ಷ್ಯಚಿತ್ರ. ಅದೇ ಶೋಗಳಲ್ಲಿ ಧ್ವನಿಮುದ್ರಿಸಿದ ಹಾಡುಗಳ ಸಂಗ್ರಹವೇ ಎರಡು ಸಿ.ಡಿ.ಗಳ ಈ ಆಲ್ಬಮ್, ಒಂದೊಂದು ಹಾಡು ಒಂದೊಂದು ಊರಿನ ಶೋದ್ದು. 2009ರ ಏಪ್ರಿಲ್ 21ರಂದು ಚಿತ್ರ ಹಲವು ದೇಶಗಳ ಥಿಯೇಟರುಗಳಲ್ಲಿ ತೆರೆಕಂಡಿತು, ಮೇ ತಿಂಗಳಲ್ಲಿ ಡಿ.ವಿ.ಡಿ., ಬ್ಲೂ ರೇ ಮತ್ತು ಧ್ವನಿಮುದ್ರಿಕೆ ಬಂದವು.

ಐರನ್ ಮೇಡನ್ ಯಾರು ಅಂತಾನೇ ನಂಗೆ ಗೊತ್ತಿಲ್ಲ. ಚಿಕ್ಕದಾಗಿ ಹೇಳ್ತೀರಾ?

ಪೂರ್ವ ಲಂಡನ್ನಿನಲ್ಲಿ 1975ರಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರಿಗ ಕಟ್ಟಿದ ತಂಡ. ಮೊದಲ ಆಲ್ಬಮ್ 1980ರದು. ಈ ಧ್ವನಿಮುದ್ರಿಕೆಯಲ್ಲಿ ಇರುವವರು ಆರು ಜನ: ಹಾಡುವುದು ಬ್ರೂಸ್ ಡಿಕಿನ್‌ಸನ್, ಬೇಸ್ ಹ್ಯಾರಿಸ್, ಗಿಟಾರ್ ಹಿಡಿದ ಮೂವರು ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗೆರ್ಸ್, ಡ್ರಮ್ಸ್ ನಿಕೋ ಮೆಕ್‌ಬ್ರೇನ್. ಪ್ರತಿ ಆಲ್ಬಮ್ಮಿನ ಹೊದಿಕೆಯಲ್ಲೂ ಕಾಣುವ ಎಲುಬುಗೂಡಿನ ಮುಖದವನ ಹೆಸರು ಎಡ್ಡಿ.

ನಮ್ಮ ಮಗ ದಿನಾ ಇದನ್ನೇ ಹಾಕ್ಕೊಂಡು ಕೂತಿರ್ತಾನೆ. 666 ಅಂದ್ರೆ ಸೈತಾನನ ಸಂಖ್ಯೆ ಅಂತೆ. ಭಯ ಪಡಬೇಕಾ?

ಬೇಡ ಅಮ್ಮ. ಬೈಬಲ್ಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯಲ್ಲಿ ಮೃಗದ ಸಂಖ್ಯೆ ಎಂದು 666ರ ಉಲ್ಲೇಖವಿದೆ. ಅದೇ ಅರ್ಥದ ‘ದ ನಂಬರ್ ಆಫ್ ದ ಬೀಸ್ಟ್’ ಎಂಬ, 1982ರಲ್ಲಿ ಬಂದ ಹಾಡನ್ನು ಸ್ಟೀವ್ ಹ್ಯಾರಿಸ್ ಬರೆದದ್ದು ಒಂದು ಭಯಾನಕ ಸಿನಿಮಾ ನೋಡಿ ರಾತ್ರಿ ಬಿದ್ದ ಕೆಟ್ಟ ಕನಸಿನಿಂದ. ಹಾಡಿನಲ್ಲಿ ಇರುವುದು ಹೆದರಿದ ಮನುಷ್ಯನ ಮಾತು, ಸೈತಾನನ ಭಜನೆ ಅಲ್ಲ. ಆಗ ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪಿನವರು ರೆಕಾರ್ಡುಗಳನ್ನು ಬೀದಿಯಲ್ಲಿ ಸುಟ್ಟದ್ದುಂಟು. ಇಪ್ಪತ್ತೈದು ವರ್ಷ ಕಳೆದು ತೆಗೆದ ಈ ಚಿತ್ರದಲ್ಲಿ, ಮೈತುಂಬ ಇದೇ ತಂಡದ ಹಚ್ಚೆ ಹಾಕಿಸಿಕೊಂಡ ಬ್ರೆಜಿಲ್‌ನ ಪಾದ್ರಿಯೊಬ್ಬರು ಸಂತೋಷದಿಂದ ಮಾತಾಡುತ್ತಾರೆ.

ನಿಮ್ಮ ಮಗ ಕೇಳುತ್ತಿರುವ ಹಾಡುಗಳಲ್ಲಿ 1854ರ ಬಾಲಕ್ಲಾವ ಯುದ್ಧದಲ್ಲಿ ಸಾಯುವ ಕುದುರೆ ಸವಾರನಿದ್ದಾನೆ, 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಹೋರಾಡಿದ ಪೈಲಟ್ ಇದ್ದಾನೆ, ಬಿಳಿಯರ ದಾಳಿಗೆ ನೆಲ ಕಳೆದುಕೊಂಡ ಅಮೆರಿಕದ ಮೂಲನಿವಾಸಿಗಳಿದ್ದಾರೆ. ಒಂದು ಸಂಜೆ ಅವನ ಪಕ್ಕದಲ್ಲಿ ಕೂತು, ಹಾಡಿನಲ್ಲಿ ಏನು ನಡೆಯುತ್ತಿದೆ ಹೇಳು ಮಗಾ ಎಂದು ಕೇಳಿ. ಖುಷಿಯಿಂದ ಹೇಳುತ್ತಾನೆ.

ನಂಗೆ ಇದೆಲ್ಲ ಬರೀ ಕಿರುಚಾಟ ಅನ್ಸುತ್ತೆ. ಎಲ್ಲಿಂದ ಶುರು ಮಾಡ್ಲಿ?

ಮೊದಲ ಹಾಡಿನಿಂದ ಬೇಡ, ಅದು ಬಹಳ ವೇಗ. ಮೆಕ್ಸಿಕೊದ ಮಾಂಟೆರೇ ಊರಿನಲ್ಲಿ ಮುದ್ರಿಸಿದ ‘ವೇಸ್ಟೆಡ್ ಇಯರ್ಸ್’ನಿಂದ ಶುರು ಮಾಡಿ. ಏಡ್ರಿಯನ್ ಸ್ಮಿತ್ ಬರೆದದ್ದು, ಊರುಬಿಟ್ಟು ತಿರುಗುವವನ ಮನೆ ನೆನಪಿನ ಹಾಡು, ರಾಗ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಆಮೇಲೆ ಬ್ಯೂನಸ್ ಐರಿಸ್‌ನ ‘ಫಿಯರ್ ಆಫ್ ದ ಡಾರ್ಕ್’. ಈ ಎರಡೂ ಹಿಡಿಸದಿದ್ದರೆ ಬಲವಂತ ಬೇಡ. ಹಿಡಿಸಿದರೆ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಆಲ್ಬಮ್ ಮೊದಲಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ.

ವಿಮಾನ, ಊರು, ಪ್ರಯಾಣ

ಹಾಡುಗಾರನೇ ವಿಮಾನ ಓಡಿಸ್ತಾನೆ ಅಂತಾರಲ್ಲ, ನಿಜಾನಾ ಅಥವಾ ಬರೀ ಪ್ರಚಾರಾನಾ?

ನಿಜ. ಬ್ರೂಸ್ ಡಿಕಿನ್‌ಸನ್ ಆ ಹೊತ್ತಿಗೆ ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನ ಸಂಸ್ಥೆಯಲ್ಲಿ ಸಂಬಳಕ್ಕೆ ಬೋಯಿಂಗ್ 757 ಹಾರಿಸುತ್ತಿದ್ದವರು. ಅದೇ ಸಂಸ್ಥೆಯ ಒಂದು 757 ವಿಮಾನದ ಹಿಂಬದಿಯ ಸೀಟುಗಳನ್ನು ಕಿತ್ತು ಸಾಮಾನಿಡಲು ಜಾಗ ಮಾಡಿಸಿದರು. ತಂಡ, ತಂತ್ರಜ್ಞರು, ಸುಮಾರು 12 ಟನ್ ಸಾಮಾನು, ಎಲ್ಲ ಒಂದೇ ವಿಮಾನದಲ್ಲಿ. ಬಾಲದ ಮೇಲೆ ಎಡ್ಡಿಯ ಚಿತ್ರ. ವಿಮಾನಕ್ಕೆ ‘ಎಡ್ ಫೋರ್ಸ್ ಒನ್’ ಎಂಬ ಹೆಸರು ಬಂದದ್ದು ಅಭಿಮಾನಿಗಳಿಗಾಗಿ ನಡೆಸಿದ ಸ್ಪರ್ಧೆಯಿಂದ.

ಇದರ ಹಿಂದೆ ಲೆಕ್ಕಾಚಾರ ಇತ್ತು. ವೇದಿಕೆಯ ಸಾಮಾನು ಹಡಗಿನಲ್ಲಿ ಹೋದರೆ ಖಂಡದಿಂದ ಖಂಡಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಬಾಡಿಗೆ ವಿಮಾನದಲ್ಲಿ ಬೇರೆಯಾಗಿ ಕಳಿಸಿದರೆ ಖರ್ಚು ಕೈಮೀರುತ್ತದೆ. ಅದಕ್ಕೇ ದೊಡ್ಡ ತಂಡಗಳು ಯುರೋಪು, ಅಮೆರಿಕ ಬಿಟ್ಟು ಹೊರಗೆ ಬರುತ್ತಿದ್ದುದು ಅಪರೂಪ. ಜನ, ಸಾಮಾನು ಎರಡನ್ನೂ ಒಂದೇ ಸಲ ಎತ್ತಿಕೊಂಡು ಹೋದಾಗ ಮುಂಬೈ, ಪರ್ತ್, ಬೊಗೋಟಾ, ಸಾನ್ ಹೊಸೆ ಎಲ್ಲ ಒಂದೇ ದಾರಿಯ ಮೇಲೆ ಬಂದವು. ಸಾನ್ ಹೊಸೆ ಇರುವ ಕೋಸ್ಟರಿಕಾ, ಬೊಗೋಟಾ ಇರುವ ಕೊಲಂಬಿಯಾ ದೇಶಗಳಲ್ಲಿ ಅವರು ನುಡಿಸಿದ್ದು ಅದೇ ಮೊದಲು. ನಮ್ಮ ಕಡೆ ನಾಟಕ ಕಂಪನಿಗಳು ಪರದೆ, ಸೀನು, ಪಾತ್ರಧಾರಿಗಳನ್ನೆಲ್ಲ ಕಟ್ಟಿಕೊಂಡು ಊರೂರು ತಿರುಗಿ, ಹೋದಲ್ಲಿ ಥಿಯೇಟರ್ ಹಾಕುತ್ತಿದ್ದವಲ್ಲ, ಅದೇ ಕ್ರಮ. ಕಂಪನಿ ನಾಟಕ ಬರುವುದಕ್ಕೆ ವರ್ಷವೆಲ್ಲ ಕಾಯುತ್ತಿದ್ದ ಊರಿನ ಜನರ ಸಂಭ್ರಮ ಹೇಗಿರುತ್ತಿತ್ತು ಎಂದು ಅಜ್ಜನ ಬಾಯಲ್ಲಿ ಕೇಳಿದವರಿಗೆ ಈ ಆಲ್ಬಮ್ಮಿನ ಕೂಗು ಬೇಗ ಅರ್ಥವಾಗುತ್ತದೆ.

ಮುಂಬೈ ಇದೆ, ಬೆಂಗಳೂರು ಯಾಕಿಲ್ಲ? ಅವರು ಮೊದಲು ಬಂದಿದ್ದು ನಮ್ಮೂರಿಗಲ್ವಾ?

ಹೌದು, ಮೊದಲು ಬಂದದ್ದು ನಮ್ಮೂರಿಗೇ. 2007ರ ಮಾರ್ಚ್ 17, ಅರಮನೆ ಮೈದಾನ. ಭಾರತದಲ್ಲಿ ಐರನ್ ಮೇಡನ್‌ನ ಮೊದಲ ಶೋ ಅದು. ಅವರಿಗಿಂತ ಮೊದಲು ದೆಹಲಿಯ ಪರಿಕ್ರಮಾ ತಂಡ ನುಡಿಸಿತ್ತು. ನಾನು ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬಂದಿದ್ದೆ. ಮೇಖ್ರಿ ಸರ್ಕಲ್ ಹತ್ತಿರ ಬಸ್ ಇಳಿದಾಗಲೇ ಕಪ್ಪು ಟೀ ಶರ್ಟುಗಳ ಸಾಲು ಕಣ್ಣಿಗೆ ಬಿತ್ತು. ಗುವಾಹಟಿಯಿಂದ, ಶಿಲ್ಲಾಂಗಿನಿಂದ ಎರಡು ಮೂರು ದಿನ ರೈಲಿನಲ್ಲಿ ಕೂತು ಬಂದ ಹುಡುಗರು ನನ್ನ ಹಿಂದೆ ಮುಂದೆ ನಿಂತಿದ್ದರು. ಅಲ್ಲಿಯವರೆಗೆ ಮೆಟಲ್ ಕೇಳುವವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಎಂದುಕೊಂಡಿದ್ದವನಿಗೆ ಆ ಸಾಲು ನೋಡಿ ಗಂಟಲು ಕಟ್ಟಿತು. ಆವತ್ತು ಕೈಯಲ್ಲಿದ್ದ ಫೋನಿನಲ್ಲಿ 40 ಸೆಕೆಂಡು ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಹಾಕಿದರೆ ಬರೀ ಗರಗರ ಶಬ್ದ. ಆದರೂ ಆ ಫೈಲನ್ನು ನಾನು ಇನ್ನೂ ಅಳಿಸಿಲ್ಲ.

ಚಿತ್ರಕ್ಕೆ ಬಂದದ್ದು ಅದರ ಮುಂದಿನ ವರ್ಷದ ಪ್ರವಾಸ. ಅದು ಶುರುವಾದದ್ದು ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಮೈದಾನದಲ್ಲಿ. ಅದೇ ಪ್ರವಾಸದ ಕೊನೆಯ ಸುತ್ತಿನಲ್ಲಿ, 2009ರ ಫೆಬ್ರವರಿ 15ರಂದು, ‘ರಾಕ್ ಇನ್ ಇಂಡಿಯಾ’ ಉತ್ಸವಕ್ಕೆ ಅವರು ಮತ್ತೆ ಅರಮನೆ ಮೈದಾನಕ್ಕೆ ಬಂದರು. ಆದರೆ ಚಿತ್ರೀಕರಣ ನಡೆದದ್ದು ಮೊದಲ ಸುತ್ತಿನಲ್ಲಿ ಮಾತ್ರ. ನಾವು ಅವರನ್ನು ಕ್ಯಾಮೆರಾ ಬರುವ ಮೊದಲು ಒಂದು ಸಲ, ಕ್ಯಾಮೆರಾ ಹೋದ ಮೇಲೆ ಒಂದು ಸಲ ನೋಡಿದೆವು. ಬೆಂಗಳೂರಿನವರಿಗೆ ಇದು ಬೇಸರದ ಸಂಗತಿ, ನನಗೂ ಹೌದು. ಆದರೆ ಮುಂಬೈಯ ಆ ಒಂದು ಹಾಡನ್ನು ನಾನು ಬೇರೆ ಊರಿನದೆಂದು ಕೇಳುವುದಿಲ್ಲ. ಬೆಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿ ಬಂದ ನನ್ನ ಗೆಳೆಯರಿಬ್ಬರ ಗಂಟಲೂ ಅದರಲ್ಲಿ ಸೇರಿದೆ.

ಆಲ್ಬಮ್ಮಿನ ಒಳಗೆ

ಯಾವ ಹಾಡು ಯಾವ ಊರಿಂದು? ಒಂದೇ ಕಡೆ ಬರೆದುಕೊಡಿ.

ಒಟ್ಟು 16 ಹಾಡು, 16 ಊರು. ಒಂದು ಊರಿಗೆ ಒಂದೇ ಹಾಡು, ಯಾವ ಊರೂ ಎರಡನೇ ಸಲ ಬರುವುದಿಲ್ಲ.

ಮೊದಲ ಸಿ.ಡಿ.ಯಲ್ಲಿ: ‘ಏಸಸ್ ಹೈ’ ಮುಂಬೈ, ‘2 ಮಿನಿಟ್ಸ್ ಟು ಮಿಡ್‌ನೈಟ್’ ಮೆಲ್ಬರ್ನ್, ‘ರೆವೆಲೇಷನ್ಸ್’ ಸಿಡ್ನಿ, ‘ದ ಟ್ರೂಪರ್’ ಟೋಕಿಯೊ, ‘ವೇಸ್ಟೆಡ್ ಇಯರ್ಸ್’ ಮಾಂಟೆರೇ, ‘ದ ನಂಬರ್ ಆಫ್ ದ ಬೀಸ್ಟ್’ ಲಾಸ್ ಏಂಜಲೀಸ್, ‘ಕ್ಯಾನ್ ಐ ಪ್ಲೇ ವಿತ್ ಮ್ಯಾಡ್‌ನೆಸ್’ ಮೆಕ್ಸಿಕೊ ಸಿಟಿ, ‘ರೈಮ್ ಆಫ್ ದಿ ಏನ್ಷಂಟ್ ಮ್ಯಾರಿನರ್’ ನ್ಯೂಜೆರ್ಸಿ.

ಎರಡನೆಯದರಲ್ಲಿ: ‘ಪವರ್‌ಸ್ಲೇವ್’ ಸಾನ್ ಹೊಸೆ, ‘ಹೆವೆನ್ ಕ್ಯಾನ್ ವೇಟ್’ ಸಾವೊ ಪಾವ್ಲೊ, ‘ರನ್ ಟು ದ ಹಿಲ್ಸ್’ ಬೊಗೋಟಾ, ‘ಫಿಯರ್ ಆಫ್ ದ ಡಾರ್ಕ್’ ಬ್ಯೂನಸ್ ಐರಿಸ್, ‘ಐರನ್ ಮೇಡನ್’ ಸಾಂಟಿಯಾಗೊ, ‘ಮೂನ್‌ಚೈಲ್ಡ್’ ಪೋರ್ಟೊರಿಕೊದ ಸಾನ್ ಹುವಾನ್, ‘ದ ಕ್ಲೇರ್‌ವಾಯಂಟ್’ ಕುರಿಚಿಬಾ, ‘ಹ್ಯಾಲೋಡ್ ಬಿ ದೈ ನೇಮ್’ ಟೊರಾಂಟೊ.

ಹಾಡುಗಳ ಕ್ರಮ ವೇದಿಕೆಯ ಮೇಲೆ ಪ್ರತಿ ರಾತ್ರಿ ಇದ್ದದ್ದೇ, ತಾರೀಖಿನ ಕ್ರಮ ಅಲ್ಲ. ಲಾಸ್ ಏಂಜಲೀಸ್ ಶೋ ಫೆಬ್ರವರಿ 19, ಮಾಂಟೆರೇ 22, ಆದರೂ ಆಲ್ಬಮ್ಮಿನಲ್ಲಿ ಮಾಂಟೆರೇ ಮೊದಲು. ನ್ಯೂಜೆರ್ಸಿಯ ಮಾರ್ಚ್ 14ರ ಹಾಡು ನಡುವಿನಲ್ಲೇ ಬಂದು ಕೂತಿದೆ. ಹೀಗಿದ್ದೂ ಮೊದಲ ಹಾಡು ಮೊದಲ ಶೋದ್ದು, ಕೊನೆಯ ಹಾಡು ಕೊನೆಯ ಶೋದ್ದು. ಒಂದು ಸಂಜೆಯ ಒಳಗೆ ಒಂದೂವರೆ ತಿಂಗಳ ಪ್ರಯಾಣವನ್ನು ಮಡಚಿ ಇಟ್ಟಿದ್ದಾರೆ. ಆಯ್ಕೆ ಮಾಡಿದವರ ಕೈಚಳಕ ನನಗೆ ತುಂಬ ಇಷ್ಟವಾಗುವುದು ಇಲ್ಲಿ.

ಶುರುವಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಭಾಷಣ ಮಾಡ್ತಾರಲ್ಲ, ಅದ್ಯಾರು?

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಪ್ರಧಾನಿ ವಿನ್ಸ್ಟನ್ ಚರ್ಚಿಲ್. 1940ರ ಜೂನ್ 4ರಂದು ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣದ ಭಾಗ. ಸಂಸತ್ತಿನಲ್ಲಿ ಆಗ ಧ್ವನಿಮುದ್ರಣ ಇರಲಿಲ್ಲ, ಇಂದು ನಮ್ಮ ಕಿವಿಗೆ ಬೀಳುವುದು 1949ರಲ್ಲಿ ಅವರೇ ಮತ್ತೆ ಓದಿ ಮುದ್ರಿಸಿದ್ದು. ಮುಂದಿನ ಹಾಡು ಬ್ರಿಟನ್ನಿನ ಆಕಾಶಯುದ್ಧದ ಪೈಲಟ್ ಕುರಿತದ್ದಾದ್ದರಿಂದ, 1984ರಿಂದಲೂ ತಂಡ ಶೋಗಳಲ್ಲಿ ಈ ಎರಡನ್ನೂ ಜೋಡಿಯಾಗಿ ಇಡುತ್ತ ಬಂದಿದೆ.

ಮುಂಬೈಯಲ್ಲಿ ಆ ದನಿ ಹೊರಡುವುದನ್ನು ಕೇಳುವಾಗ ನನಗೆ ಪ್ರತಿ ಸಲವೂ ಒಂದು ಅಳುಕು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿದು ಸತ್ತಾಗ ಅಧಿಕಾರದಲ್ಲಿದ್ದವರು ಅವರೇ. ನಮ್ಮ ಊರಿಗೂ ಅವರ ನಂಟಿದೆ: 1896ರಲ್ಲಿ ಯುವ ಸೇನಾಧಿಕಾರಿಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದು ಇದ್ದವರು, ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 13 ರೂಪಾಯಿ ಬಾಕಿ ಇಂದಿಗೂ ಇದೆ. ತಂಡ ಆ ಭಾಷಣವನ್ನು ಭಾರತಕ್ಕೆಂದು ಇಟ್ಟದ್ದಲ್ಲ, ಎಲ್ಲ ಊರಿನಲ್ಲೂ ಅದೇ ಇತ್ತು. ಮೈದಾನದಲ್ಲಿ ಕೂಗಿದ ಹುಡುಗರು ಸ್ವಾಗತಿಸಿದ್ದೂ ಅದರ ಬೆನ್ನಿಗೆ ಬರಲಿದ್ದ ಗಿಟಾರನ್ನು. ಹಾಗೆಂದು ಆ ಅಳುಕನ್ನು ಬದಿಗಿಟ್ಟು ಕೇಳಿ ಎಂದು ನಾನು ಯಾರಿಗೂ ಹೇಳಲಾರೆ.

ಸಿನಿಮಾದಲ್ಲಿ ಹಾಡುಗಳು ಅರ್ಧಕ್ಕೇ ಕಟ್ ಆಗ್ತವೆ. ಸಿ.ಡಿ.ಯಲ್ಲಿ ಪೂರ್ತಿ ಇದೆಯಾ?

ಪೂರ್ತಿ ಇದೆ. ಚಿತ್ರದ ಕಥೆ ಪ್ರಯಾಣದ್ದು, ಹಾಡು ಅಲ್ಲಿ ತುಣುಕು ತುಣುಕಾಗಿ ಬರುತ್ತದೆ. ಡಿ.ವಿ.ಡಿ. ಕೊಂಡರೆ ಎರಡನೇ ಡಿಸ್ಕಿನಲ್ಲಿ ಇದೇ 16 ಹಾಡುಗಳ ಪೂರ್ತಿ ವಿಡಿಯೊ ಸಿಗುತ್ತದೆ, ಸಿ.ಡಿ. ಅದರ ಧ್ವನಿರೂಪ.

ಆ ನ್ಯೂಜೆರ್ಸಿ ಹಾಡು ಮುಗಿಯೋದೇ ಇಲ್ಲ! ಅಷ್ಟು ಉದ್ದ ಯಾಕೆ?

‘ರೈಮ್ ಆಫ್ ದಿ ಏನ್ಷಂಟ್ ಮ್ಯಾರಿನರ್’ನ ಮೂಲವೇ ಉದ್ದದ ಕವಿತೆ. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಗೀತೆ, ನಮ್ಮಲ್ಲಿ ಬಿ.ಎ. ಇಂಗ್ಲಿಷ್ ಓದಿದ ಎಷ್ಟೋ ಜನ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು. ಸ್ಟೀವ್ ಹ್ಯಾರಿಸ್ ಅದನ್ನು 1984ರಲ್ಲಿ 13 ನಿಮಿಷ ದಾಟುವ ಹಾಡಾಗಿಸಿದರು. ನಾವಿಕ ಆಲ್ಬಟ್ರಾಸ್ ಹಕ್ಕಿಯನ್ನು ಕೊಲ್ಲುತ್ತಾನೆ, ಹಡಗು ಗಾಳಿಯಿಲ್ಲದೆ ನಿಲ್ಲುತ್ತದೆ, ಜೊತೆಗಾರರು ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಉಳಿದವನು ತನ್ನ ಕಥೆಯನ್ನು ಕಂಡವರಿಗೆಲ್ಲ ಹೇಳುತ್ತ ತಿರುಗಬೇಕಾದ ಶಾಪ.

ಹಾಡಿನ ನಡುವೆ ಎಲ್ಲ ವಾದ್ಯಗಳೂ ಅಡಗಿ, ಹಡಗಿನ ಮರ ಕಿರುಗುಟ್ಟುವಂಥ ಸದ್ದು ಮತ್ತು ಮೆಲ್ಲನೆ ಮಿಡಿಯುವ ಬೇಸ್ ಮಾತ್ರ ಉಳಿಯುವ ಜಾಗವಿದೆ. ಸ್ಟುಡಿಯೊ ಆಲ್ಬಮ್ಮಿನಲ್ಲಿ ಅದು ಬರೀ ನಿಶ್ಶಬ್ದ. ಇಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ಕಾಯುತ್ತಿರುವ ನಿಶ್ಶಬ್ದ. ಯಕ್ಷಗಾನದಲ್ಲಿ ಭಾಗವತರು ಚೆಂಡೆ ನಿಲ್ಲಿಸಿ ಪದ್ಯವನ್ನು ಇಳಿದನಿಗೆ ತಂದಾಗ ಇಡೀ ಬಯಲು ಮೌನವಾಗುತ್ತದಲ್ಲ, ಹಾಗೆ. ಅಲ್ಲಿಂದ ಡ್ರಮ್ಸ್ ಮೇಲೇಳುವವರೆಗಿನ ಎರಡು ಮೂರು ನಿಮಿಷಕ್ಕಾಗಿಯೇ ಈ ಆಲ್ಬಮ್ ಕೊಳ್ಳಬಹುದು.

ಆಳಕ್ಕೆ ಇಳಿಯುವವರಿಗೆ

16 ಬೇರೆ ಬೇರೆ ಊರು ಅಂತೀರಿ. ಕೇಳಿದ್ರೆ ಒಂದೇ ರಾತ್ರಿ ತರ ಇರುತ್ತೆ. ಹೇಗೆ ಸಾಧ್ಯ?

ಮೊದಲ ಕಾರಣ, ಎಲ್ಲ ಕಡೆ ಇದ್ದದ್ದು ಅದೇ ಸಾಮಾನು. ವಿಮಾನದ ಹೊಟ್ಟೆಯಲ್ಲಿ ಹೋದ ಅವೇ ವಾದ್ಯಗಳು, ಅವನ್ನು ಜೋಡಿಸುವ ಅವೇ ಕೈಗಳು. ಬೇರೆಯಾದದ್ದು ಜಾಗ ಮತ್ತು ಜನ.

ವೇದಿಕೆಯ ಪ್ರತಿ ಮೈಕಿನ ಸಿಗ್ನಲ್ಲನ್ನು ಕವಲೊಡೆಸುತ್ತಾರೆ. ಒಂದು ಕವಲು ಮೈದಾನದ ಸ್ಪೀಕರುಗಳಿಗೆ ಹೋಗುವ ಮಿಕ್ಸರಿಗೆ, ಒಂದು ನುಡಿಸುವವರಿಗೇ ಕೇಳಿಸಲೆಂದು ವೇದಿಕೆಯ ಮೇಲಿಟ್ಟ ಮಾನಿಟರ್ ಸ್ಪೀಕರಿಗೆ, ಇನ್ನೊಂದು ನೇರ ರೆಕಾರ್ಡರಿಗೆ. ಅಲ್ಲಿ ಬೇಸ್, ಪ್ರತಿ ಗಿಟಾರ್, ಡ್ರಮ್ಮಿನ ಒಂದೊಂದು ಭಾಗ, ಹಾಡುಗಾರನ ದನಿ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂರುತ್ತವೆ. ಹೀಗೆ ಬಿಡಿಯಾಗಿ ಬಂದದ್ದನ್ನು ಮತ್ತೆ ಹದವಾಗಿ ಬೆರೆಸುವುದೇ ಮಿಕ್ಸಿಂಗ್. ಇಲ್ಲಿ ಆ ಕೆಲಸ ಮಾಡಿದವರು ಕೆವಿನ್ ಶರ್ಲಿ, 2000ದ ‘ಬ್ರೇವ್ ನ್ಯೂ ವರ್ಲ್ಡ್’ನಿಂದ ತಂಡದ ಆಲ್ಬಮ್‌ಗಳನ್ನು ರೂಪಿಸುತ್ತ ಬಂದವರು.

ಕಷ್ಟ ಇರುವುದು ಜನರ ಸದ್ದಿನಲ್ಲಿ. ಅದಕ್ಕೆ ಬೇರೆ ಮೈಕುಗಳು ಬೇಕು, ಪ್ರೇಕ್ಷಕರ ಕಡೆ ಮುಖ ಮಾಡಿದವು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 50 ಮೀಟರ್ ಹಿಂದೆ ಇಟ್ಟ ಮೈಕಿಗೆ ಡ್ರಮ್ಮಿನ ಏಟು ಸೆಕೆಂಡಿನ ಏಳನೇ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಅದನ್ನು ಹಾಗೇ ಸೇರಿಸಿದರೆ ಪ್ರತಿ ಏಟೂ ಎರಡೆರಡಾಗಿ ಕೇಳಿಸಿ ಹಾಡು ಕಲಸಿಹೋಗುತ್ತದೆ. ಹಾಗಾಗಿ ಆ ಟ್ರ್ಯಾಕುಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ಹೊಂದಿಸಬೇಕು. ಮುಂಬೈ ಬಯಲು, ಅಲ್ಲಿ ಸದ್ದು ಹಿಂತಿರುಗುವುದಿಲ್ಲ. ಟೊರಾಂಟೊ ಛಾವಣಿಯ ಕೆಳಗಿನ ಒಳಾಂಗಣ, ಅಲ್ಲಿ ಕೂಗು ಗೋಡೆಗೆ ಬಡಿದು ಸುತ್ತುತ್ತದೆ. ಮೊದಲ ಹಾಡನ್ನೂ ಕೊನೆಯ ಹಾಡನ್ನೂ ಒಂದರ ಹಿಂದೆ ಒಂದು ಹಾಕಿ, ವಾದ್ಯಗಳನ್ನು ಬಿಟ್ಟು ಜನರ ಸದ್ದನ್ನಷ್ಟೇ ಗಮನಿಸಿ. ಒಂದೇ ರಾತ್ರಿ ಅಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಲೈವ್ ಅಂತ ಹೇಳಿ ಸ್ಟುಡಿಯೊದಲ್ಲಿ ತಿದ್ದಿರಲ್ವಾ? ಎಲ್ಲರೂ ಮಾಡ್ತಾರಂತೆ.

ಲೈವ್ ಆಲ್ಬಮ್‌ಗಳಲ್ಲಿ ತಪ್ಪಿದ ಸ್ವರವನ್ನು ಆಮೇಲೆ ಸ್ಟುಡಿಯೊದಲ್ಲಿ ಹಾಡಿ ಅಂಟಿಸುವ ರೂಢಿ 1970ರ ದಶಕದಿಂದಲೂ ಇದೆ, ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಈ ಆಲ್ಬಮ್ಮಿನಲ್ಲಿ ನನ್ನ ಕಿವಿಗೆ ನಂಬಿಕೆ ಹುಟ್ಟಿಸುವುದು ಡಿಕಿನ್‌ಸನ್ ಉಸಿರು. 50ರ ಹತ್ತಿರದ ಮನುಷ್ಯ, ವೇದಿಕೆಯ ಉದ್ದಗಲ ಓಡುತ್ತ, ಕೆಲವು ಊರಿಗೆ ತಾನೇ ವಿಮಾನ ಹಾರಿಸಿಕೊಂಡು ಬಂದು ಹಾಡುತ್ತಿದ್ದಾರೆ. ಸಾಲಿನ ತುದಿಯಲ್ಲಿ ಗಾಳಿ ಸಾಲದೆ ಪದ ಮೊಟಕಾಗುತ್ತದೆ, ಮೇಲಿನ ಸ್ವರಕ್ಕೆ ಒಮ್ಮೊಮ್ಮೆ ಒರಟಾಗಿ ಹಾರುತ್ತಾರೆ. ‘ಏಸಸ್ ಹೈ’ ಹಾಡಿನ ಮೇಲಿನ ಸ್ವರಗಳು ಇಪ್ಪತ್ತರ ಹರೆಯದವರ ಗಂಟಲನ್ನೂ ಹರಿಯುವಂಥವು, ಅದನ್ನೇ ಮೊದಲ ಹಾಡಾಗಿ ಇಟ್ಟುಕೊಂಡದ್ದು ಧೈರ್ಯವೇ ಸರಿ.

‘ಲೈವ್ ಆಫ್ಟರ್ ಡೆತ್’ ಇರುವಾಗ ಇದು ಯಾಕೆ ಬೇಕು? ಅರ್ಧ ಹಾಡು ಅವೇ ಅಲ್ವಾ?

ಹಳಬರು ಜಗಳಕ್ಕೆ ನಿಲ್ಲುವುದೇ ಈ ಪ್ರಶ್ನೆಗೆ. ಇದೇ ತಂಡದ 1985ರ ಲೈವ್ ಆಲ್ಬಮ್ ‘ಲೈವ್ ಆಫ್ಟರ್ ಡೆತ್’ನ ಬಹುಪಾಲು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅರೀನಾದಲ್ಲಿ ಮುದ್ರಿತವಾದದ್ದು. ನುಡಿಸಾಣಿಕೆಯ ಕಸುವನ್ನೇ ನೋಡಿದರೆ ಅದಕ್ಕೆ ಸಮನಾದ ಲೈವ್ ಮೆಟಲ್ ಆಲ್ಬಮ್ ನನ್ನ ಶೆಲ್ಫಿನಲ್ಲಿ ಇನ್ನೊಂದಿಲ್ಲ. 2008ರ ಪ್ರವಾಸ ಹುಟ್ಟಿದ್ದೂ ಅದರ ನೆನಪಿನಲ್ಲೇ: ಆಗಿನ ಪ್ರವಾಸದ ಈಜಿಪ್ಟ್ ಮಾದರಿಯ ವೇದಿಕೆಯನ್ನೇ ಮತ್ತೆ ಕಟ್ಟಿದರು, 16ರಲ್ಲಿ 15 ಹಾಡು 1980ರಿಂದ 1988ರ ಒಳಗಿನವು. 1992ರ ‘ಫಿಯರ್ ಆಫ್ ದ ಡಾರ್ಕ್’ ಒಂದೇ ಹೊರಗಿನದು, ಜನ ಹಾಡುವ ಹಾಡೆಂದು ಅದನ್ನು ಬಿಡುವ ಹಾಗಿರಲಿಲ್ಲ.

ಆದರೆ 1985ರ ಆಲ್ಬಮ್ಮಿನ ಬಹುಪಾಲಿನಲ್ಲಿ ಇರುವುದು ಒಂದೇ ಊರಿನ ದನಿ. ಕಡಲಾಚೆ ಕೂತು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡು ಅದನ್ನೇ ಕೇಳುತ್ತ ಬೆಳೆದವರು ಅದರೊಳಗೆ ಇರಲಿಲ್ಲ. 2008ರಲ್ಲಿ ಮೈಕ್ ಅವರ ಕಡೆ ತಿರುಗಿತು. ಬ್ಯೂನಸ್ ಐರಿಸ್‌ನಲ್ಲಿ ಗಿಟಾರಿನ ರಾಗವನ್ನೇ ಜನ ಪದವಿಲ್ಲದೆ ಹಾಡುತ್ತಾರೆ, ಗಿಟಾರ್ ಅವರ ಹಿಂದೆ ಹೋಗುತ್ತದೆ. ಲಾಂಗ್ ಬೀಚಿನ ಬೇಸ್, ಡ್ರಮ್ಸ್‌ಗಾಗಿ ಹಳೆಯದನ್ನು ಇಟ್ಟುಕೊಳ್ಳಿ, ಜನರಿಗಾಗಿ ಇದನ್ನು. ಎರಡರಲ್ಲಿ ಒಂದೇ ಉಳಿಸಿಕೋ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಹಾಡುಗಳು ಬರೆದಿದ್ದು ಎರಡು ಗಿಟಾರಿಗೆ. ಮೂರನೆಯವರು ಏನು ಮಾಡ್ತಾರೆ?

ಏಡ್ರಿಯನ್ ಸ್ಮಿತ್ 1990ರಲ್ಲಿ ಹೊರಹೋದಾಗ ಅವರ ಜಾಗಕ್ಕೆ ಬಂದವರು ಯಾನಿಕ್ ಗೆರ್ಸ್. 1999ರಲ್ಲಿ, ಅವರಂತೆಯೇ ತಂಡ ಬಿಟ್ಟಿದ್ದ ಡಿಕಿನ್‌ಸನ್ ಜೊತೆ ಸ್ಮಿತ್ ಮರಳಿದರು, ಗೆರ್ಸ್ ಅವರನ್ನೂ ಕಳಿಸಲಿಲ್ಲ. ಹಾಗಾಗಿ ಇಬ್ಬರು ಗಿಟಾರಿಗರು ಜೋಡಿಯಾಗಿ ರಾಗ ನುಡಿಸುವಾಗಲೂ ಕೆಳಗೆ ಇನ್ನೊಬ್ಬರು ಆಧಾರ ಕೊಡಬಲ್ಲರು. ಹಳೆಯ ಹಾಡುಗಳು ಇಲ್ಲಿ ತುಸು ದಪ್ಪಗೆ, ತುಂಬಿಕೊಂಡು ಕೇಳಿಸುವುದು ಇದರಿಂದ. ‘ರೆವೆಲೇಷನ್ಸ್’ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಎಲ್‌ಪಿ ತಗೊಳ್ಲಾ, ಸಿ.ಡಿ. ಸಾಕಾ?

2009ರಲ್ಲಿ ಬಂದ ಎಲ್‌ಪಿ ಪಿಕ್ಚರ್ ಡಿಸ್ಕ್, ಅಂದರೆ ತಟ್ಟೆಯ ಮೇಲೇ ಚಿತ್ರ ಇರುವಂಥದ್ದು. ನೋಡಲು ಚೆಂದ, ಆದರೆ ಈ ಬಗೆಯ ತಟ್ಟೆಗಳಲ್ಲಿ ಸೂಜಿಯ ಸರಸರ ಸದ್ದು ಹೆಚ್ಚು. 2017ರಲ್ಲಿ ಕಪ್ಪು ವಿನೈಲ್‌ನಲ್ಲಿ ಮರುಮುದ್ರಣ ಬಂತು, ಕೇಳುವುದಕ್ಕಾದರೆ ಅದು. ಮನೆಯಲ್ಲಿ ಸುತ್ತಲೂ ಸ್ಪೀಕರ್ ಇಟ್ಟುಕೊಂಡವರು ಬ್ಲೂ ರೇಯ 5.1 ಧ್ವನಿ ಹುಡುಕಲಿ, ಜನರ ಸದ್ದು ಬೆನ್ನ ಹಿಂದಿನಿಂದ ಬರುತ್ತದೆ.

ಮೆಟಾಲಿಕಾದ ‘ಥ್ರೂ ದ ನೆವರ್’ ಕೂಡ ಇದೇ ತರ ಅಲ್ವಾ?

ಹೊರಗಿನಿಂದ ನೋಡಿದರೆ ಹೌದು: ಶೋ, ಅದರ ಚಿತ್ರ, ಚಿತ್ರದ ಧ್ವನಿಮುದ್ರಿಕೆ. ಆದರೆ ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ಆ ಚಿತ್ರ 2012ರ ಆಗಸ್ಟಿನಲ್ಲಿ ಕೆನಡಾದ ವ್ಯಾಂಕೂವರ್, ಎಡ್ಮಂಟನ್ ಊರುಗಳಲ್ಲಿ ಚಿತ್ರಕ್ಕೆಂದೇ ವೇದಿಕೆ ಕಟ್ಟಿ ಮುದ್ರಿಸಿದ್ದು, ನಡುವೆ ಒಂದು ಕಲ್ಪಿತ ಕಥೆಯೂ ಓಡುತ್ತದೆ. ಧ್ವನಿ ಹೆಚ್ಚು ನಯ, ಹೆಚ್ಚು ಸ್ವಚ್ಛ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರಿಗೆ ಆ ನಯ ಸ್ವಲ್ಪ ಅಪರಿಚಿತ ಅನ್ನಿಸೀತು. ಇನ್ನೂ ಹಿಂದೆ ಹೋದರೆ ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಲಿನ್‌ನ ‘ದ ಸಾಂಗ್ ರಿಮೇನ್ಸ್ ದ ಸೇಮ್’ ಇದೆ. 1973ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನುಡಿಸಿದ್ದು 1976ರಲ್ಲಿ ಚಿತ್ರವಾಗಿ, ಆಲ್ಬಮ್ಮಾಗಿ ಬಂತು. ಚಿತ್ರದ ಹಾಡುಗಳೂ ಆಲ್ಬಮ್ಮಿನ ಹಾಡುಗಳೂ ಪೂರ್ತಿ ಹೊಂದುತ್ತಿರಲಿಲ್ಲ, 2007ರಲ್ಲಿ ಆರು ಹಾಡು ಸೇರಿಸಿ ಮತ್ತೆ ತಂದರು.

ಬೊಗೋಟಾದ ಆ ಹುಡುಗ ಅಳುವ ದೃಶ್ಯ ಸಿ.ಡಿ.ಯಲ್ಲಿ ಸಿಗಲ್ಲ. ಹಾಗಾದ್ರೆ ಸಿನಿಮಾ ನೋಡದೆ ಆಲ್ಬಮ್ ಕೇಳಿದ್ರೆ ಏನೋ ತಪ್ಪಿಹೋಗುತ್ತೆ ಅಲ್ವಾ?

ಆ ದೃಶ್ಯ ನೋಡದವರಿಗಾಗಿ: ಬೊಗೋಟಾದ ಶೋ ಮುಗಿದಿದೆ. ಟಿಕೆಟ್ಟಿಗೂ ಜಾಗಕ್ಕೂ ದಿನಗಟ್ಟಲೆ ಬೀದಿಯಲ್ಲಿ ಮಲಗಿ ಕಾದ ಜನ ಅವರು. ನಿಕೋ ಎಸೆದ ಡ್ರಮ್ ಸ್ಟಿಕ್ ಒಬ್ಬನ ಕೈಗೆ ಸಿಕ್ಕಿದೆ. ಅವನು ಅದನ್ನು ಹಿಡಿದು ಮುಖ ಮೇಲೆತ್ತಿ ನಿಂತಿದ್ದಾನೆ, ಕಣ್ಣೀರು ಇಳಿಯುತ್ತಲೇ ಇದೆ, ಒಂದು ಮಾತೂ ಇಲ್ಲ. ಇಡೀ ಚಿತ್ರದಲ್ಲಿ ನನಗೆ ಅದಕ್ಕಿಂತ ದೊಡ್ಡ ದೃಶ್ಯವಿಲ್ಲ, ಅದನ್ನು ಸಿ.ಡಿ. ಕೊಡಲಾರದು ನಿಜ.

ಆದರೆ ಎರಡನೇ ಸಿ.ಡಿ.ಯ ಮೂರನೇ ಹಾಡು ಅದೇ ರಾತ್ರಿಯದು. ‘ರನ್ ಟು ದ ಹಿಲ್ಸ್’ ಶುರುವಾಗುವುದು ಡ್ರಮ್ಸ್ ಒಂದರಿಂದಲೇ, ಏಟು ಬೀಳುತ್ತಿದ್ದಂತೆ ಮೈದಾನ ಕೂಗುತ್ತದೆ. ದನಿ ಜೋರಾಗಿಟ್ಟು ಆ ಕೂಗನ್ನು ಕೇಳಿ. ಅವನೂ ಅದರಲ್ಲಿ ಎಲ್ಲೋ ಒಂದು ಕಡೆ ಕೂಗುತ್ತಿದ್ದಾನೆ, ಅವನ ಕೈಗೆ ಬರಲಿರುವ ಸ್ಟಿಕ್ ಇನ್ನೂ ವೇದಿಕೆಯ ಮೇಲೇ ಇದೆ.